ಒಂಬತ್ತು ಗೆರೆಗಳು

ಎಂಟನೆಯ ಸಲವೂ ಹಸಿರೇ ಬಂತು.

ನೀಲವ್ವ ಫೋನನ್ನು ಮಗುಚಿ ಹೊರಸಿನ ಮೇಲಿಟ್ಟಳು. "ಇದರ ಮಾರಿ ನೋಡಾಕ ಮನಸಿಲ್ರಿ ಅಕ್ಕಾರ," ಅಂದಳು.

ಅಕ್ಕಾರ ಎಂದರೆ ಇಂದುಮತಿ ಚಿತ್ತರಗಿ. ಮುರಡಿಕೊಪ್ಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೇಳು ವರ್ಷಗಳಿಂದ ನರ್ಸ್. ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅವಳದು. ನೀಲವ್ವ ಅವಳ ಕೈಕೆಳಗಿನ ಎಂಟು ಮಂದಿ ಆಶಾ ಕಾರ್ಯಕರ್ತೆಯರಲ್ಲಿ ಎಲ್ಲರಿಗಿಂತ ಹಳಬಳು. ಇಬ್ಬರ ಎದುರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದವನು ನೀಲವ್ವನ ಗಂಡ ವಿರೂಪಾಕ್ಷಪ್ಪ. ಅರವತ್ತೊಂದು ವರ್ಷದ ನೇಕಾರ. ರವಿಕೆಯ ಖಣ ನೇಯುವುದರಲ್ಲಿ ಆ ಓಣಿಗೆಲ್ಲ ಹೆಸರಾದವನು.

ಮರೆವಿನ ಪರೀಕ್ಷೆ ಸುಲಭದ್ದು. ಫೋನಿನಲ್ಲಿ ಒಂದು ಚಿತ್ರ ಬರುತ್ತದೆ. ಅದನ್ನು ನೋಡಿ ಒಂದು ನಿಮಿಷ ಮಾತಾಡಬೇಕು. ಬಾವಿಯ ಹತ್ತಿರ ಹೆಂಗಸೊಬ್ಬಳು ನೀರು ಸೇದುತ್ತಿದ್ದಾಳೆ, ಅವಳ ಬೆನ್ನ ಹಿಂದೆ ಆಡೊಂದು ಕುಂಬಳದ ಬಳ್ಳಿ ಮೇಯುತ್ತಿದೆ. ಯಾರು ಏನು ಹೇಳಿದರು ಎಂಬುದು ಯಂತ್ರಕ್ಕೆ ಮುಖ್ಯವಲ್ಲ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಬಾಯಿ ಸುಮ್ಮನಿತ್ತು ಎಂಬುದನ್ನು ಅದು ಅಳೆಯುತ್ತದೆ. ಮನುಷ್ಯ ತನ್ನ ಮರೆವನ್ನು ತಾನೇ ಗುರುತಿಸುವ ಎಷ್ಟೋ ತಿಂಗಳು ಮೊದಲು ಆ ಬಿಡುವುಗಳು ಕೂದಲೆಳೆಯಷ್ಟು ಹಿಗ್ಗುತ್ತವೆ. ಹಿಗ್ಗುವಾಗಲೇ ಹಿಡಿದರೆ ತಡೆಗುಳಿಗೆ ಇದೆ. ಕಾಯಿಲೆ ಇದ್ದಲ್ಲೇ ನಿಲ್ಲುತ್ತದೆ. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಯುತ್ತದೆ. ಯಂತ್ರ ಕೆಂಪು ತೋರಿಸಿದವರಿಗೆ ಮಾತ್ರ ಆ ಗುಳಿಗೆ; ಹಸಿರು ಎಂದರೆ ಕಾಯಿಲೆಯಿಲ್ಲ.

"ಹೆಣ್ಮಗಳು ನೀರು ಸೇದಾಕತ್ತಾಳ," ಎಂದಿದ್ದ ವಿರೂಪಾಕ್ಷಪ್ಪ. "ಹಿಂದ... ಅದು... ನಮ್ಮ ಮನ್ಯಾಗೂ ಇತ್ತಲ್ಲ, ಅದು ಬಳ್ಳಿ ತಿನ್ನಾಕತ್ತೈತಿ."

"ಆಡು ಅನ್ನೂದು ಬರಲಿಲ್ಲರಿ ಅವರಿಗೆ," ಅಂದಳು ನೀಲವ್ವ. "ಹಸರ ಅಂದ್ರ ಹೆಂಗ? ಮೊನ್ನಿ ಚಹಾ ಕುಡದ ಲೋಟ ಕೈಯಾಗ ಹಿಡಕೊಂಡ, ಚಹಾ ಕೊಡಲಿಲ್ಲ ಅಂತ ಕುಂತಿದ್ರು."

"ಆಕಿ ಕೊಟ್ಟ ಚಹಾಕ್ಕ ಚಹಾ ಅನ್ನೂದೂ ಕಷ್ಟ ಐತ್ರಿ," ಅಂದ ವಿರೂಪಾಕ್ಷಪ್ಪ. ಇಂದುಮತಿ ನಕ್ಕಳು. ನೀಲವ್ವ ನಗಲಿಲ್ಲ. ಮಗ್ಗದ ಮೇಲಿದ್ದ ಖಣದ ಅಂಚನ್ನು ಬೆರಳಿನಿಂದ ತೋರಿಸಿದಳು. ಸಾಲಾಗಿ ಹೂಗಳು, ಹತ್ತನೆಯ ಹೂವಿಗೆ ಒಂದು ಎಸಳು ಕಡಿಮೆ. ಹನ್ನೊಂದನೆಯದನ್ನು ಬಿಚ್ಚಿ ಮತ್ತೆ ನೇಯ್ದಿದ್ದ. ಅದಕ್ಕೂ ಒಂದು ಕಡಿಮೆ.

"ವಯಸ್ಸಾಗ್ತ ಬಂದ ಮ್ಯಾಲೆ ಯಾರಿಗೆ ಮರವು ಇಲ್ಲ ನೀಲವ್ವ? ನನಗ ಇಲ್ಲೇನು? ಮಷೀನಿಗೆ ನಮಗಿಂತ ಚೊಲೊ ತಿಳಿತೈತಿ. ಎಂಟು ಸಲ ಸುಳ್ಳು ಹೇಳ್ತೈತೇನು?" ಎಂದು ಸಮಾಧಾನ ಹೇಳಿ ಇಂದುಮತಿ ಕೈ ಚಾಚಿದಳು. "ಬಂದದ್ದಕ್ಕ ಇವರದು ಬೀಪಿನೂ ನೋಡಿ ಬಿಡೂಣು. ಆ ಇದು ಕೊಡು... ತೋಳಿಗೆ ಸುತ್ತೂದು."

ನೀಲವ್ವ ಪಟ್ಟಿಯನ್ನು ಎತ್ತಿ ಕೊಟ್ಟಳು.

ಮೂರು ತಿಂಗಳಿಗೊಂದರಂತೆ ಎಂಟು ಸಲ ಎಂದರೆ ಎರಡು ವರ್ಷ. ಮರೆವು ತಡೆ ತರಬೇತಿ ಮುರಡಿಕೊಪ್ಪಕ್ಕೆ ಬಂದದ್ದು ಎರಡು ವರ್ಷದ ಹಿಂದೆ, ಫೋನಿನಲ್ಲೇ. ಹನ್ನೆರಡು ಪಾಠ. ಪ್ರತಿ ಪಾಠದ ಕೊನೆಗೆ ಒಂದು ಪುಟ ಗಟ್ಟಿಯಾಗಿ ಓದಿ, ಒಂದು ಚಿತ್ರದ ಬಗ್ಗೆ ಒಂದು ನಿಮಿಷ ಮಾತಾಡಿದರೆ ಆ ಪಾಠ ಮುಗಿದಂತೆ. ಹನ್ನೆರಡೂ ಮುಗಿದರೆ ಪ್ರಮಾಣಪತ್ರ. ಆಮೇಲೆ ಮೂರು ತಿಂಗಳಿಗೊಮ್ಮೆ ನೆನಪಿನ ಪಾಠ. ಅದಕ್ಕೂ ಓದು, ಅದಕ್ಕೂ ಚಿತ್ರ.

ಮೊದಲ ವಾರ ಎಂಟು ಆಶಾಗಳಲ್ಲಿ ಒಬ್ಬಳೂ ಮೊದಲ ಪಾಠ ದಾಟಲಿಲ್ಲ. ಇಬ್ಬರ ಫೋನಿನ ಗಾಜು ಒಡೆದಿತ್ತು. ದ್ರಾಕ್ಷಾಯಣಿಯ ಫೋನು ಅವಳ ಗಂಡನ ಕಿಸೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಓದು ತಡವರಿಸಿದರೆ ಫೋನು ಒಳ್ಳೆಯ ಮಾತಿನಲ್ಲೇ ಹೇಳುತ್ತಿತ್ತು: ದಯವಿಟ್ಟು ಮತ್ತೊಮ್ಮೆ ಓದಿ. ರೇಷ್ಮಾ ನದಾಫ 'ರಕ್ತನಾಳಗಳ ಪೆಡಸುತನ' ಎಂಬಲ್ಲಿ ಆರು ಸಲ ನಿಂತಳು.

"ನಾ ಓದಿದ್ದು ಏಳನೇತ್ತ ಅಕ್ಕಾರ," ಅಂದಳು. "ಈ ಅಕ್ಷರ ನನ್ನ ಕಂಡ ಕೂಡಲೆ ಓಡಿ ಹೋಗ್ತಾವ."

ಅದೇ ದಿನ ಜಿಲ್ಲೆಯಿಂದ ಫೋನು ಬಂದಿತ್ತು, ನಾಳೆ ಸಂಜೆಯೊಳಗೆ ಎಲ್ಲರದೂ ಮೊದಲ ಪಾಠ ಮುಗಿಯಬೇಕೆಂದು. ಆ ಹೆಂಗಸರು ಬೆಳಿಗ್ಗೆಯಿಂದ ಮನೆ ಮನೆ ಸುತ್ತಿ ಬಂದಿದ್ದರು. ರೇಷ್ಮಾಳ ಕಣ್ಣು ತುಂಬಿದ್ದನ್ನು ನೋಡಿ ಇಂದುಮತಿ ಫೋನು ಕಸಿದುಕೊಂಡಳು. "ತಾ ಇಲ್ಲಿ. ಶಾಲ್ಯಾಗ ಪ್ರಾರ್ಥನಾ ಮುಗಿದ ಮ್ಯಾಲೆ ದಿನಪತ್ರಿಕಾ ಓದಾಕಿ ನಾನ ಇದ್ದೆ."

ಒಂದೇ ಉಸಿರಿಗೆ ಓದಿದಳು. ಫೋನು ಶಹಭಾಸ್ ಅಂದಿತು.

ಹಾಗೆ ಅದು ಪದ್ಧತಿಯಾಯಿತು. ಭಾನುವಾರ ಮಧ್ಯಾಹ್ನ ಎಂಟು ಫೋನುಗಳು ಇಂದುಮತಿಯ ಮನೆಯ ಹೊರಸಿನ ಮೇಲೆ ಲಸಿಕೆಗೆ ತಂದ ಕೂಸುಗಳ ಹಾಗೆ ಸಾಲಾಗಿ ಮಲಗುತ್ತಿದ್ದವು. ತನ್ನದು ಒಂಬತ್ತನೆಯದು. ರೇಷ್ಮಾಳ ಫೋನಿಗೆ ರೇಷ್ಮಾಳ ಹಾಗೆ ಚುರುಕಾಗಿ, ದ್ರಾಕ್ಷಾಯಣಿಯ ಫೋನಿಗೆ ಮೂಗಿನಲ್ಲಿ, ನೀಲವ್ವನ ಫೋನಿಗೆ ಊರ ಗೌಡತಿಯ ಗತ್ತಿನಲ್ಲಿ ಓದಿ, ಚಿತ್ರದ ಬಗ್ಗೆಯೂ ತಾನೇ ಮಾತಾಡುತ್ತಿದ್ದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ನಗುವಿನ ಸದ್ದು ಫೋನಿಗೆ ಹೋಗಬಾರದೆಂದು. ಒಳಗೆ ನೀಲವ್ವ ಮಿರ್ಚಿ ಕರಿಯುತ್ತಿದ್ದಳು. ವಾರವೆಲ್ಲ ಬಿಸಿಲಲ್ಲಿ ತಿರುಗಿದ ಆ ಎಂಟು ಮಂದಿಗೆ ಕಾಲು ಚಾಚಿ ಕೂರಲು ಸಿಗುತ್ತಿದ್ದ ಹೊತ್ತು ಅದೊಂದೇ. ಇಂದುಮತಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಪಾಠ ಯಾರು ಓದಿದರೇನು, ಕೆಲಸ ಮಾಡುವವರು ಮಾಡುತ್ತಲೇ ಇದ್ದರಲ್ಲ.

ಧಾರವಾಡದ ವಿಶ್ಲೇಷಣಾ ಕೇಂದ್ರದಿಂದ ಕರೆ ಬಂದದ್ದು ವಿರೂಪಾಕ್ಷಪ್ಪನ ಎಂಟನೆಯ ಪರೀಕ್ಷೆಯಾದ ಒಂಬತ್ತನೆಯ ದಿನ. ಕೂಡಲೇ ಬರಬೇಕು, ಫೋನಿನಲ್ಲಿ ಹೇಳುವಂಥದ್ದಲ್ಲ ಎಂದಿದ್ದರು. ಇಂದುಮತಿ ಬೆಳಗಿನ ಬಸ್ಸು ಹತ್ತಿದಳು. ಸಿಕ್ಕವರ ಹತ್ತಿರ ವಿರೂಪಾಕ್ಷಪ್ಪನ ವಿಷಯ ಒಮ್ಮೆ ಕೇಳಿಬಿಡುವುದು ಎಂದು ಅಂದುಕೊಂಡು, ಮರೆಯಬಾರದೆಂದು ಅಂಗೈ ಮೇಲೆ ಪೆನ್ನಿನಿಂದ 'ವಿ' ಎಂದು ಬರೆದುಕೊಂಡಳು. ಹಾಗೆ ಬರೆದುಕೊಳ್ಳುವ ಅಭ್ಯಾಸ ಈಚಿನದು.

ಕೇಂದ್ರ ಎಂದರೆ ತಣ್ಣಗಿನ ಒಂದು ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಪರದೆಗಳು. ಎದ್ದು ಬಂದು ಕುರ್ಚಿ ಎಳೆದುಕೊಟ್ಟವಳು ಡಾಕ್ಟರ್ ತೇಜಸ್ವಿನಿ ಹೊಂಬಳ. ಮೂವತ್ತೈದು ದಾಟಿರದ ಹುಡುಗಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಚಹಾ ತಗೋರಿ ಸಿಸ್ಟರ್. ಮೊದಲ ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಆಶಾಗಳು ಎಲ್ಲಾರೂ ಆರಾಮ ಇದ್ದಾರೇನು?"

"ಆರಾಮ ಅದಾರಲ್ರಿ."

ತೇಜಸ್ವಿನಿ ಪರದೆಯ ಮೇಲೆ ಒಂಬತ್ತು ಗೆರೆ ಎಳೆಸಿದಳು. ನೂರರಿಂದ ಹೊರಟು ಎರಡು ವರ್ಷದಲ್ಲಿ ತೊಂಬತ್ತೆರಡಕ್ಕೆ ಇಳಿದ ಗೆರೆಗಳು. ಒಂದರ ಮೇಲೊಂದು ಬಿದ್ದು ದಪ್ಪನೆಯ ಒಂದೇ ದಾರದಂತೆ ಕಾಣುತ್ತಿದ್ದವು.

"ಇವು ನಿಮ್ಮ ಒಂಬತ್ತು ಮಂದೀವು. ನಿಮ್ಮ ಓದು, ನಿಮ್ಮ ಮಾತಿನ ಬಿಡುವು. ಒಂದು ಊರಾಗ ಒಂಬತ್ತು ಮಂದಿ ಒಮ್ಮೆಲೇ ಹಿಂಗ ಇಳಿಯೋದು ಎಲ್ಲೂ ಕಂಡಿಲ್ಲ. ನಿಮ್ಮಲ್ಲಿ ನೂಲಿಗೆ ಬಣ್ಣಾ ಹಾಕ್ತಾರಲ್ಲ, ಆ ನೀರು ಬಾವಿಗೆ ಸೇರಿರಬೇಕು ಅಂತ ನಮ್ಮ ಅನುಮಾನ. ಬರೋ ವಾರ ಎರಡು ತಂಡ ಬರ್ತಾವ."

ಇಂದುಮತಿ ಗೆರೆಗಳನ್ನೇ ನೋಡಿದಳು. ನಡುವೆ ಒಂದು ಕಡೆ ಒಂಬತ್ತೂ ಗೆರೆ ಚೂಪಾಗಿ ಕುಸಿದು ಮತ್ತೆ ಮೇಲೆದ್ದಿದ್ದವು.

"ಇದು ಯಾವಾಗಿಂದು?"

"ಹ್ವಾದ ವರ್ಷ ಮಾರ್ಚ್ ಕಡೀಕ."

ಹೋದ ವರ್ಷ ಮಾರ್ಚ್ ಕೊನೆಗೆ ಅವಳಿಗೆ ಚಿಕೂನ್‌ಗುನ್ಯಾ ಆಗಿತ್ತು. ಎದ್ದು ಕೂರಲಾಗದೆ, ಹೊರಸಿನ ಮೇಲೆ ಮಲಗಿಕೊಂಡೇ ಒಂಬತ್ತು ಫೋನಿಗೂ ಓದಿದ್ದಳು. ಅವತ್ತು ಯಾರ ಅಣಕವನ್ನೂ ಮಾಡಿರಲಿಲ್ಲ.

ಚಹಾ ಲೋಟವನ್ನು ಅವಳು ಮೆಲ್ಲಗೆ ಕೆಳಗಿಟ್ಟಳು. ಫೋನಿನಿಂದ ದನಿ ಇಲ್ಲಿಗೆ ಬರುವುದಿಲ್ಲ ಎಂದು ಪಾಠದಲ್ಲೇ ಹೇಳಿದ್ದರು. ಯಾರ ಗುಟ್ಟೂ ಹೊರಬೀಳಬಾರದೆಂದು ದನಿಯನ್ನು ಫೋನಿನಲ್ಲೇ ಅಳಿಸಿ, ಬಿಡುವುಗಳ ಲೆಕ್ಕ ಮಾತ್ರ ಕಳಿಸುತ್ತಿದ್ದರು. ದನಿ ಇದ್ದಿದ್ದರೆ ಈ ಹುಡುಗಿ ಮೊದಲ ದಿನವೇ ಹಿಡಿಯುತ್ತಿದ್ದಳು.

ಆ ಗೆರೆ ತನ್ನದು. ಒಂಬತ್ತೂ ತನ್ನವು. ಅಂಗೈ ಮೇಲೆ ಪೆನ್ನು, ತೋಳಿಗೆ ಸುತ್ತುವ ಪಟ್ಟಿಯ ಹೆಸರು, ಎರಡು ಸಲ ಮಂಜುಗಡ್ಡೆ ಹಾಕದೆ ಒಯ್ದ ಲಸಿಕೆಯ ಡಬ್ಬಿ. ಎಲ್ಲವೂ ಸಾಲಾಗಿ ಬಂದು ನಿಂತವು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ತಂಡಗಳು ಬಂದು ಬಾವಿಯ ನೀರು ತುಂಬಿಕೊಂಡು ಹೋಗುತ್ತವೆ ಎಂದೂ ಒಂದು ಗಳಿಗೆ ಅನ್ನಿಸಿತು.

"ಈ ಗೆರೆ ಇಳದ್ರ ಊರಾಗಿನವರಿಗೆ ಏನಾಗ್ತೈತ್ರಿ?" ಎಂದು ಕೇಳಿದಳು.

"ಅದೇ ನಮ್ಮ ಚಿಂತಿ," ಅಂದಳು ತೇಜಸ್ವಿನಿ. "ಬೆಂಗಳೂರವರ ಮಾತಿನ ಓಟ ಬ್ಯಾರೆ, ನಿಮ್ಮ ಊರಿನ ಓಟ ಬ್ಯಾರೆ. ಎಲೆ ಅಡಕಿ ಹಾಕ್ಕೊಂಡು ನಿಧಾನ ಮಾತಾಡಿದವರಿಗೆಲ್ಲ ಕೆಂಪು ತೋರಿಸಿದರ ಹೆಂಗ? ಅದಕ್ಕ ಆಯಾ ಊರಿಗೆ ಆಯಾ ಊರಿಂದೇ ಅಳತಿ ಇಟ್ಟೀವಿ. ಆರೋಗ್ಯ ಕಾರ್ಯಕರ್ತೆಯರು ಗಟ್ಟಿಮುಟ್ಟ ಇರ್ತಾರ ಅಂತ ತಿಳಿದು ಅವರ ಬಿಡುವನ್ನೇ ಅಳತಿ ಮಾಡಿದ್ವಿ. ಮೂರು ತಿಂಗಳಿಗೊಮ್ಮೆ ಹೊಸದು. ಆ ಅಳತಿಗಿಂತ ಆರು ಅಂಕ ಕೆಳಗ ಬಂದವರಿಗೆ ಕೆಂಪು."

ಖಣ ಅಳೆಯುವ ಕೋಲೇ ಖಣದ ಜೊತೆ ಸವೆಯುತ್ತ ಬಂದಿತ್ತು. ಎರಡು ವರ್ಷ.

ಆಮೇಲೆ ಇಂದುಮತಿ ಎಲ್ಲವನ್ನೂ ಹೇಳಿದಳು. ಹೊರಸು, ಎಂಟು ಫೋನು, ಮಿರ್ಚಿ, ಮೂಗಿನ ದನಿ. ಮುಗಿದ ಮೇಲೆ ತೇಜಸ್ವಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನೀವು ಆ ಹೆಣ್ಮಕ್ಕಳಿಗೆ ಉಪಕಾರ ಮಾಡಿದ್ರಿ," ಎಂದಳು. ಬೈದಿದ್ದರೆ ಇಂದುಮತಿಗೆ ಹಗುರವಾಗುತ್ತಿತ್ತು.

"ನೂರಕ್ಕ ಇಟ್ಟು ಮತ್ತ ಲೆಕ್ಕಾ ಹಾಕ್ರಿ. ಮೊದಲ ಒಬ್ಬರದು ನೋಡ್ರಿ." ಇಂದುಮತಿ ಅಂಗೈ ತೆರೆದಳು. "ವಿರೂಪಾಕ್ಷಪ್ಪ ಉಂಕಿ."

ಯಂತ್ರಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಒಂದು ವರ್ಷದ ಹಿಂದೆ ತೊಂಬತ್ತನಾಲ್ಕು: ಅಂದೇ ಕೆಂಪಾಗಬೇಕಿತ್ತು. ಮೂರು ತಿಂಗಳ ಹಿಂದೆ ಎಂಬತ್ತೊಂಬತ್ತು. ಈಗ ಎಂಬತ್ತೇಳು. ಇಂದುಮತಿಯ ತೊಂಬತ್ತೆರಡರ ಪಕ್ಕದಲ್ಲಿ ಐದೇ ಅಂಕ ಕಡಿಮೆ, ಅದಕ್ಕೇ ಹಸಿರು.

"ಹಂಗಾರ ಕೆಂಪು ಆತಲ್ರಿ. ಗುಳಗಿ ಇವತ್ತ ಬರೀರಿ, ನಾನ ಒಯ್ತೇನಿ."

ತೇಜಸ್ವಿನಿ ತಲೆ ಅಲ್ಲಾಡಿಸಿದಳು. "ಎಂಬತ್ತೆಂಟರ ಮಟ ಅಷ್ಟೇ ಗುಳಗಿ ಕೊಡೂದು ಸಿಸ್ಟರ್, ಅದಕ್ಕಿಂತ ಕೆಳಗಿಲ್ಲ."

"ಒಂದ ಅಂಕ."

"ಒಂದೇ."

"ಮತ್ತೊಮ್ಮೆ ಮಾತಾಡಸ್ತೇನ್ರಿ. ಅವತ್ತು ಅವರಿಗೆ ನಿದ್ದಿ ಆಗಿರಲಿಲ್ಲ."

"ನಿದ್ದಿಗೆಟ್ಟದ್ದನ್ನ ಕಳದೇ ಅಂಕ ಬರ್ತೈತಿ. ಇದು ಇಲಾಖೆಯ ನಿಯಮ ಇದ್ದಿದ್ದರ ನಾ ಈಗಲೇ ಮುರೀತಿದ್ದೆ. ಎಂಬತ್ತೆಂಟರ ಕೆಳಗ ಮಿದುಳಿನ ರಕ್ತನಾಳ ಆ ಗುಳಗಿ ತಡಕೊಳ್ಳೂದಿಲ್ಲ, ಒಳಗ ಒಡೀತಾವ. ಮೊದಲು ಕೊಟ್ಟು ನೋಡ್ಯಾರ. ಕೊಟ್ಟವರು ಉಳದಿಲ್ಲ."

ಪರದೆಯ ಮೇಲೆ ಊರಿನ ಉಳಿದ ಹೆಸರುಗಳು ಬಣ್ಣ ಬದಲಿಸುತ್ತಿದ್ದವು. ನಲವತ್ತಮೂರು ಮಂದಿ ಕೆಂಪಾದರು. ಮೂವತ್ತೊಂದು ಮಂದಿಗೆ ಇನ್ನೂ ವೇಳೆಯಿತ್ತು, ಹನ್ನೆರಡು ಮಂದಿಗೆ ಇರಲಿಲ್ಲ. ಮೂವತ್ತೊಂದರಲ್ಲಿ ಒಂದು ಹೆಸರು ಇಂದುಮತಿ ಚಿತ್ತರಗಿ.

"ನಿಮ್ಮದು ಬರೀತೀನಿ," ಅಂದಳು ತೇಜಸ್ವಿನಿ, ಮುಖ ನೋಡದೆ. "ಇಡೀ ರಾಜ್ಯದಾಗ ನಿಮ್ಮಷ್ಟು ಸಲ ಅಳೆದ ಮನುಷ್ಯಾರು ಇನ್ನೊಬ್ಬರಿಲ್ಲ. ಒಂಬತ್ತು ಪಟ್ಟು ಲೆಕ್ಕ. ತಪ್ಪೋ ಮಾತೇ ಇಲ್ಲ."

ಮರುದಿನ ಬೆಳಿಗ್ಗೆ ಇಂದುಮತಿ ನೀಲವ್ವನ ಮನೆಗೆ ಹೋದಾಗ ವಿರೂಪಾಕ್ಷಪ್ಪ ನೇಯುತ್ತಿದ್ದ. ಲಾಳಿ ಓಡುವ ಸದ್ದು ಮೊದಲಿನ ಹಾಗೇ ಇತ್ತು. ನಡುನಡುವೆ ನಿಲ್ಲುತ್ತಿತ್ತು, ಅಷ್ಟೇ. ಇಂದುಮತಿ ನಿಂತೇ ಹೇಳಿದಳು. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ನೀಲವ್ವ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಒಂದ ಅಂಕ ಅಂದ್ರ ಎಷ್ಟು ದಿವಸರಿ?"

"ಆರು ವಾರ."

"ಆರು ವಾರದ ಹಿಂದ ಏನ ಮಾಡಾಕತ್ತಿದ್ವಿ ನಾವು?" ಎಂದು ತನ್ನನ್ನೇ ಕೇಳಿಕೊಂಡಳು. ಜೋಳದ ಕಸ ಆರಿಸುತ್ತಲೇ ಕೇಳಿದಳು: "ಆ ಪಾಠದಾಗ ಏನ ಇತ್ತರಿ? ಹನ್ನೆರಡು ಇದ್ದೂವಲ್ಲ."

ಇಂದುಮತಿ ಹೇಳತೊಡಗಿದಳು. ಬೀಪಿ, ಸಕ್ಕರೆ, ನಿದ್ದೆ, ನಾಲ್ಕು ಮಂದಿಯೊಡನೆ ಬೆರೆಯುವುದು. ನಾಲ್ಕನೆಯ ಪಾಠ ಕಿವಿಯದು. ಕಿವಿ ಮಂದವಾದರೆ ಮಿದುಳಿಗೆ ಕೆಲಸ ತಪ್ಪುತ್ತದೆ, ಮರೆವು ಬೇಗ ಬರುತ್ತದೆ, ಸದ್ದಿನಲ್ಲಿ ದುಡಿಯುವವರ ಕಿವಿಯನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಒಂಬತ್ತು ಸಲ ಓದಿದ್ದರಿಂದ ಅದು ಅಕ್ಷರ ಬಿಡದೆ ಬಾಯಿಗೆ ಬಂತು.

ನೀಲವ್ವನ ಕೈ ಈಗ ನಿಂತಿತು. "ಹತ್ತು ವರ್ಷ ಆತು ಇವರಿಗೆ ಎಡಗಿವಿ ಕೇಳೂದಿಲ್ಲ. ಮಗ್ಗದ ಸದ್ದಿಗೆ ಎಲ್ಲಾರಿಗೂ ಹಿಂಗ ಆಗ್ತೈತಿ ಅಂತ ಬಿಟ್ಟಿದ್ದೆ. ನೀವು ಅದನ್ನ ಓದೂವಾಗ ನಾ ಎಲ್ಲಿದ್ದೆ?"

"ಒಳಗಿದ್ದಿ."

"ಮಿರ್ಚಿ ಕರ್ಯಾಕತ್ತಿದ್ದೆ," ಅಂದಳು ನೀಲವ್ವ. "ಪ್ರಮಾಣಪತ್ರಕ್ಕ ಕಟ್ಟು ಹಾಕಿಸಿ ಗ್ವಾಡಿಗೆ ಹಾಕೇನಿ ನೋಡ್ರಿ. ನನ್ನ ಹೆಸರು ಎಷ್ಟ ಛಲೋ ಬರದಾರ."

ಮಗ್ಗದ ಹಿಂದಿನ ಗೋಡೆಯ ಮೇಲೆ ಅದು ಇತ್ತು. ಅದರ ಕೆಳಗೆ ವಿರೂಪಾಕ್ಷಪ್ಪ ಒಂದು ಹೂವನ್ನು ಬಿಚ್ಚುತ್ತಿದ್ದ. ಬಿಚ್ಚಿ, ಹಿಂದಿನ ಹೂವಿನ ಎಸಳುಗಳನ್ನು ಉಗುರಿನಿಂದ ಎಣಿಸಿದ. ತಲೆ ಎತ್ತಿ ಇಬ್ಬರನ್ನೂ ನೋಡಿ, "ಅಕ್ಕಾರು ನಿಂತಾರ, ಚಹಾ ಮಾಡವಾ," ಅಂದ. ನೀಲವ್ವ ಎದ್ದು ಒಳಗೆ ಹೋದಳು. ಇಂದುಮತಿ ಚಹಾ ಕುಡಿದೇ ಹೋಗಬೇಕಾಯಿತು.

ತಿಂಗಳೊಳಗೆ ಇಲಾಖೆಯ ಕಾಗದ ಬಂತು. ಇಂದುಮತಿ ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕು; ಎಂಟು ಆಶಾಗಳ ಪ್ರಮಾಣಪತ್ರ ರದ್ದು, ಹನ್ನೆರಡು ಪಾಠವನ್ನೂ ಅವರವರೇ ಮತ್ತೆ ಓದಬೇಕು. ಈ ಸಲ ಆರೋಗ್ಯ ಕೇಂದ್ರದ ಅಂಗಳದಲ್ಲಿ ಕೂತು ಓದಿದರು. ದಯವಿಟ್ಟು ಮತ್ತೊಮ್ಮೆ ಓದಿ, ಎಂದು ಫೋನುಗಳು ಹೇಳುವುದು ರಸ್ತೆಗೂ ಕೇಳುತ್ತಿತ್ತಂತೆ. ರೇಷ್ಮಾ ಹನ್ನೊಂದನೆಯ ಸಲಕ್ಕೆ 'ಪೆಡಸುತನ' ದಾಟಿದಳಂತೆ. ನೀಲವ್ವ ಎಲ್ಲರಿಗಿಂತ ಮೊದಲು ಮುಗಿಸಿದಳು. ನಾಲ್ಕನೆಯ ಪಾಠವನ್ನು ಎರಡು ಸಲ ಓದಿದಳಂತೆ, ಯಾರೂ ಹೇಳದೆಯೇ.

ತಡೆಗುಳಿಗೆಗೆ ಒಂದು ಕ್ರಮವಿತ್ತು. ವಾರಕ್ಕೊಂದು ಗುಳಿಗೆ, ರೋಗಿ ಅದನ್ನು ನುಂಗುವುದನ್ನು ಆ ಓಣಿಯ ಆಶಾ ಕಣ್ಣಾರೆ ನೋಡಿ ಫೋನಿನಲ್ಲಿ ಗುರುತು ಹಾಕಬೇಕು. ಮರೆಯುವ ಕಾಯಿಲೆಯವರನ್ನು ನಂಬಿ ಗುಳಿಗೆ ಮನೆಯಲ್ಲಿ ಬಿಡುವಂತಿರಲಿಲ್ಲ. ಇಂದುಮತಿಯ ಓಣಿ ನೀಲವ್ವನದು.

ಇಂದುಮತಿ ಮೊದಲ ಸೋಮವಾರ ಬಾಗಿಲು ತೆರೆದು, "ರೇಷ್ಮಾನ್ನ ಕಳಸಬೇಕಿತ್ತು ನೀಲವ್ವ," ಅಂದಳು.

"ರೇಷ್ಮಾನ ಓಣಿ ಬ್ಯಾರೆರಿ."

"ಇದು ನನಗ ಬ್ಯಾಡ. ನಾ ನುಂಗೂದಿಲ್ಲ. ನುಂಗಿದ್ರ ಇದೆಲ್ಲಾ ನನ್ನ ತಲ್ಯಾಗ ಹಿಂಗ ಉಳೀತೈತಿ, ಸಾಯೂ ತನಕ."

ನೀಲವ್ವ ಗುಳಿಗೆಯ ಹಾಳೆ ಒಡೆದು ಅವಳ ಅಂಗೈ ಮೇಲಿಟ್ಟಳು. ನೀರಿನ ಲೋಟ ಎದುರು ಹಿಡಿದಳು. "ಉಳೀಲಿ," ಅಂದಳು. "ನೀವು, ಅವರು, ಇಬ್ಬರೊಳಗ ಒಬ್ಬರಿಗರೆ ನೆನಪಿರಲಿ."

ಇಂದುಮತಿ ನುಂಗಿದಳು.

"ಬಾಯಿ ತಗೀರಿ. ನಾಲಿಗಿ ಎತ್ರಿ." ಕ್ಷಯ ರೋಗಿಗಳನ್ನು ಹೀಗೆ ನೋಡಬೇಕೆಂದು ಹದಿನಾಲ್ಕು ವರ್ಷದ ಹಿಂದೆ ನೀಲವ್ವನಿಗೆ ಕಲಿಸಿದವಳು ಇಂದುಮತಿಯೇ.

ಎಂಟು ಸೋಮವಾರ ಕಳೆದವು. ಎಂಟನೆಯದರಂದು ಅಳತೆಯೂ ಇತ್ತು. ಇಂದುಮತಿ ಬಾವಿಯ ಚಿತ್ರ ನೋಡಿ ಒಂದು ನಿಮಿಷ ಮಾತಾಡಿದಳು. ನೀರು ಸೇದುವವಳು, ಹಗ್ಗ, ಗಡಗಡಿ, ಆಡು, ಕುಂಬಳದ ಬಳ್ಳಿ. ಎಲ್ಲದರ ಹೆಸರೂ ಬಂತು.

"ತೊಂಬತ್ತೆರಡು," ಎಂದು ಓದಿದಳು ನೀಲವ್ವ. "ಇಳದಿಲ್ಲ. ನಿಂತೈತ್ರಿ."

"ಅವರು ಹೆಂಗ ಅದಾರ?"

ನೀಲವ್ವ ಫೋನನ್ನು ಚೀಲದೊಳಗೆ ಹಾಕಿಕೊಂಡಳು. ಗಂಡನನ್ನು ಒಳಗೆ ಬಿಟ್ಟು ಮನೆಯ ಹೊರಗಿನ ಚಿಲಕ ಹಾಕಿ ಬಂದಿದ್ದಳು, ಬೇಗ ಹೋಗಬೇಕಿತ್ತು. "ಮಗ್ಗಾ ಬಿಚ್ಚಿಸಿದ್ನಿರಿ. ಕುಣ್ಯಾಗ ಕಾಲು ಸಿಕ್ಕಿಸಿಕೊಂಡು ಎರಡು ಸಲ ಬಿದ್ರು. ಕಿವಿಗೆ ಮಷೀನು ಹಾಕಿಸೇನಿ. ಈಗ ಚಂದಂಗೆ ಕೇಳ್ತೈತಿ. ನಿನ್ನಿ ನನ್ನ ಸೀರಿ ನೋಡಿ ಕೇಳಿದ್ರು, ಆಶಾ ಬಾಯಾರ, ನಿಮ್ಮ ಮನಿ ಎಲ್ಲಿ ಬರ್ತೈತಿ ಅಂತ."

"ಏನ ಅಂದಿ?"

"ಇಲ್ಲೇ ಹತ್ರಾನ ಐತ್ರಿ ಅಂದೆ. ಬಿಸಲ ಭಾಳ ಐತಿ, ನೀರ ಕುಡದ ಹೋಗ್ರಿ ಅಂದ್ರು."

ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡು ಅವಳು ತಿರುಗಿ ನೋಡಿದಳು. ಎಲ್ಲ ರೋಗಿಗಳಿಗೂ ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತನ್ನೇ ಹೇಳಿದಳು.

"ಬರೂ ಸೋಮವಾರ ಹತ್ತು ಗಂಟೇಕ್ಕ ಬರ್ತೇನ್ರಿ. ಮರೀಬ್ಯಾಡ್ರಿ."

"ಇಲ್ಲ," ಅಂದಳು ಇಂದುಮತಿ.